ಅಂಬಿಗರ ಜೊತೆಗೋ, ಹುಟ್ಟು ನಮ್ಮ ಕೈಗೋ? ರಜೆಯಲ್ಲಿ ದೋಣಿ ಬಾಡಿಗೆಗೆ ಹಿಡಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ದಸರಾ ರಜೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆ ಬರುತ್ತದೆ. ರಾಯಚೂರಿನಿಂದ ಷಡ್ಡಕ ಕೇಳುತ್ತಾನೆ, ಬಳ್ಳಾರಿಯಿಂದ ಹಳೆಯ ಗೆಳೆಯ ಕೇಳುತ್ತಾನೆ. ಹೋದ ವರ್ಷ ಕೊಪ್ಪಳದಿಂದ ತಂಗಿಯ ಮಗಳು ಕೇಳಿದಳು: "ಮಾಮಾ, ಸಾಣಾಪುರಕ್ಕ ಬರಾಕತ್ತೀವಿ. ಪುಟ್ಟಿ ನಾವ ನಡಸಬಹುದೇನು, ಇಲ್ಲಾ ಅಂಬಿಗರನ್ನ ಕರಕೊಳ್ಳಬೇಕೋ?"

ಗಂಗಾವತಿಯಲ್ಲಿ ಮನೆ, ತಾಯಿಯ ತವರು ಆನೆಗುಂದಿ. ತಳವಾರಘಟ್ಟದ ಕಡೆಯಿಂದ ಪುಟ್ಟಿಯಲ್ಲಿ, ಅಂದರೆ ಬುಟ್ಟಿಯಂಥ ದುಂಡು ಹರಿಗೋಲಿನಲ್ಲಿ, ಮನುಷ್ಯರ ಜೊತೆ ಮೋಟಾರ್ ಸೈಕಲ್ಲುಗಳೂ ಹೊಳೆ ದಾಟುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದ ಮೇಲೆಯೂ ಎಷ್ಟೋ ವರ್ಷ ನಮ್ಮವರನ್ನು ದಾಟಿಸಿದ್ದು ಅಂಬಿಗರೇ. ಹಾಗಾಗಿ ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡಲು ಮನಸ್ಸು ಒಪ್ಪುವುದಿಲ್ಲ. ಬಾಡಿಗೆ ಎಷ್ಟು ಉಳಿಯುತ್ತದೆ ಎಂಬುದರಿಂದ ಶುರು ಮಾಡಿದರೆ ಲೆಕ್ಕವೇ ತಪ್ಪುತ್ತದೆ. ಈ ನೀರು ಇವತ್ತು ಹೇಗಿದೆ ಎಂದು ದೋಣಿಯಲ್ಲಿ ಕೂತವರಲ್ಲಿ ಯಾರಿಗೆ ಗೊತ್ತು? ಅಲ್ಲಿಂದ ಶುರು ಮಾಡಬೇಕು.

ಹಂತ 1: ದೋಣಿ ನೋಡುವ ಮೊದಲು ನೀರು ನೋಡಿ

ನೀರಿನಲ್ಲಿ ಮೂರು ಜಾತಿ: ನಿಂತ ನೀರು, ಹರಿಯುವ ನೀರು, ಉಬ್ಬರವಿಳಿತದ ನೀರು. ನೀವು ಹೋಗುವ ಜಾಗ ಯಾವುದೆಂದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಸಾಣಾಪುರದ ಕೆರೆ ಎಂದು ಎಲ್ಲರೂ ಕರೆಯುವುದು ನಿಜದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬಿಕೊಳ್ಳುವ ಸಮತೋಲನ ಜಲಾಶಯ. ಇದು ನಿಂತ ನೀರು. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ, ದಡದ ಹತ್ತಿರ, ಸ್ವಂತ ಕೈಯಿಂದ ಹುಟ್ಟು ಹಾಕಿ ಕಲಿಯಲು ಇಂಥ ನೀರೇ ಸರಿ. ಆದರೆ ಕಾಲುವೆ ಒಳಬರುವ ಬಾಯಿ ಮತ್ತು ನೀರು ಹೊರಹೋಗುವ ತೂಬು ಎಲ್ಲಿವೆ ಎಂದು ಮೊದಲೇ ಕೇಳಿಕೊಳ್ಳಿ. ಆ ಎರಡು ಕಡೆ ನಿಂತ ನೀರು ನಿಂತಿರುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ತುಂಗಭದ್ರಾ ಹೊಳೆ. ಅದೇ ಬಂಡೆಗಳು, ಅದೇ ಬಣ್ಣ, ಫೋಟೊದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹೊರಗಿನಿಂದ ಬಂದವರು ಮೋಸ ಹೋಗುವುದು ಇಲ್ಲೇ. 2025ರ ಫೆಬ್ರವರಿಯಲ್ಲಿ, ಮಳೆಗಾಲವಲ್ಲದ ಹೊತ್ತಿನಲ್ಲೇ, ಸಾಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಜಿಗಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಹರಿವ ನೀರಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಸಲೀಸಾಗಿ ತಿರುಗಿಸಿದ ಕಯಾಕ್, ಅಂದರೆ ಒಬ್ಬಿಬ್ಬರು ಕೂರುವ ಸಪೂರ ದೋಣಿ, ಮಧ್ಯಾಹ್ನ ಬಂಡೆಗೆ ಅಡ್ಡಡ್ಡ ಅಂಟಿಕೊಂಡು ಕೂತರೆ, ನಾಲ್ಕು ಜನ ಗಂಡಸರು ಎಳೆದರೂ ಬರದೆ ಇರುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ. ನಮ್ಮ ಹೊಳೆ ನಮ್ಮೂರ ಮಳೆಯನ್ನು ಕೇಳಿ ಏರುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮಳೆ ಹೊಡೆದರೆ ತುಂಗಭದ್ರಾ ಜಲಾಶಯ ತುಂಬುತ್ತದೆ, ಜಲಾಶಯ ತುಂಬಿದರೆ ಗೇಟ್ ಎತ್ತುತ್ತಾರೆ, ಆಗ ಗಂಗಾವತಿಯಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ಆನೆಗುಂದಿಯಲ್ಲಿ ಹೊಳೆ ದಡ ಮೀರುತ್ತದೆ. ನವವೃಂದಾವನ ನಡುಗಡ್ಡೆಗೆ ದಾರಿ ಕಡಿಯುತ್ತದೆ, ಕಂಪ್ಲಿ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಮಲಗುವಾಗ ಇದ್ದಂತೆ ಹೊಳೆ ಏಳುವಾಗ ಇರಲಿಲ್ಲ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಜಲಾಶಯದ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ನೋಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂಕಿ ಹಿಂದಿನ ದಿನಕ್ಕಿಂತ ಏರಿದ್ದರೆ ನದಿಯ ಯೋಜನೆಯನ್ನು ಕೆರೆಗೆ ಬದಲಾಯಿಸಿ. ರಾಯಚೂರಿನವರು ಆತ್ಕೂರು ಕಡೆಯಿಂದ ಕುರುವಪುರಕ್ಕೆ ದತ್ತಾತ್ರೇಯರ ದರ್ಶನಕ್ಕೆ ಹೋಗುವಾಗಲೂ ಇದೇ ಲೆಕ್ಕ. ಅಲ್ಲಿ ಹೊಳೆ ಕೃಷ್ಣೆ, ಕೇಳಬೇಕಾದದ್ದು ನಾರಾಯಣಪುರ ಡ್ಯಾಮಿನ ಸುದ್ದಿ.

ಮೂರನೆಯದು ಉಬ್ಬರವಿಳಿತದ ನೀರು. ಹೊನ್ನಾವರದ ಶರಾವತಿ ಹಿನ್ನೀರು, ಕಾರವಾರದ ಕಾಳಿ ನದಿಯ ಬಾಯಿ. ನಮ್ಮಂಥ ಬಯಲುಸೀಮೆಯವರಿಗೆ ಇದರ ಅಂದಾಜೇ ಇರುವುದಿಲ್ಲ. ದಿನಕ್ಕೆ ಎರಡು ಸಲ ಸಮುದ್ರ ನದಿಯೊಳಕ್ಕೆ ನುಗ್ಗುತ್ತದೆ, ಎರಡು ಸಲ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ನನ್ನ ನಿಯಮ ಹೇಳಿಬಿಡುತ್ತೇನೆ. ನಿಂತ ನೀರಿನಲ್ಲಿ ಹುಟ್ಟು ನಿಮ್ಮ ಕೈಯಲ್ಲಿರಬಹುದು. ಹರಿಯುವ ನೀರಿನಲ್ಲಿ ಅಂಬಿಗರೇ ಬೇಕು, ಚರ್ಚೆ ಇಲ್ಲ. ಉಬ್ಬರವಿಳಿತ ಇರುವ ಕಡೆ ಮೊದಲ ದಿನ ಅಂಬಿಗರ ಜೊತೆ, ಎರಡನೆಯ ದಿನ ಅವರನ್ನು ಕೇಳಿ.

ಹಂತ 2: ಜೊತೆಯಲ್ಲಿ ಯಾರಿದ್ದಾರೆ?

ಈಜು ಬರುವವರು ಎಷ್ಟು ಜನ ಎಂದು ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ಬಾವಿಯಲ್ಲಿ ಕಲಿತ ಈಜು ಬೇರೆ, ಬಟ್ಟೆ ಹಾಕಿಕೊಂಡು, ಬೆದರಿದ ಮಗುವನ್ನು ಹಿಡಿದುಕೊಂಡು ತೇಲುವುದು ಬೇರೆ. ಐದು ವರ್ಷದೊಳಗಿನ ಮಕ್ಕಳು, ಮೊಣಕಾಲು ನೋವಿನ ಹಿರಿಯರು, ಗರ್ಭಿಣಿಯರು, ತಲೆಸುತ್ತು ಇರುವವರು ಒಬ್ಬರಿದ್ದರೂ ಸ್ವಂತ ದೋಣಿ ನಡೆಸುವ ಮಾತು ಬಿಡಿ. ದೊಡ್ಡವರು ಇಬ್ಬರೇ ಇದ್ದು ಮಕ್ಕಳು ಮೂವರಿದ್ದರೂ ಅಷ್ಟೇ. ನಡೆಸುವವರ ಕಣ್ಣು ನೀರಿನ ಮೇಲಿರಬೇಕು, ಮಕ್ಕಳ ಮೇಲೆ ಕಣ್ಣಿಡಲು ಬೇರೆಯವರೇ ಬೇಕು.

ನಾನಿದನ್ನು ಕಲಿತದ್ದು ಕರಾವಳಿಯ ಒಂದು ಹಿನ್ನೀರಿನಲ್ಲಿ. ಮಗನಿಗೆ ಆಗ ಹದಿನಾಲ್ಕು. ಇಬ್ಬರು ಕೂರುವ ಕಯಾಕ್ ಬಾಡಿಗೆಗೆ ಪಡೆದೆವು. ಕೊಟ್ಟವರು ದುಡ್ಡು ಎಣಿಸಿಕೊಂಡು ಜಾಕೆಟ್ ಕೈಗಿಟ್ಟರು, ನೀರಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅರ್ಧ ತಾಸು ದೋಣಿ ಬೆಣ್ಣೆಯಂತೆ ಜಾರಿತು. ನಮ್ಮ ತೋಳಿನ ಶಕ್ತಿ ಎಂದುಕೊಂಡೆವು. ಅದು ಇಳಿತ, ಸಮುದ್ರ ನಮ್ಮನ್ನು ಕರೆದುಕೊಳ್ಳುತ್ತಿತ್ತು. ತಿರುಗಿಸಿದಾಗ ಗೊತ್ತಾಯಿತು. ಹತ್ತು ಸಲ ಹುಟ್ಟು ಹಾಕಿದರೆ ದಡದ ಮರ ಇದ್ದಲ್ಲೇ ಇರುತ್ತಿತ್ತು. ಮಗನ ಅಂಗೈ ಬೊಬ್ಬೆ ಎದ್ದು ಒಡೆಯಿತು, ಅವನು ಅಳಲಿಲ್ಲ, ಆದರೆ ಮಾತು ನಿಲ್ಲಿಸಿದ. ಬಲೆ ಎಳೆಯುತ್ತಿದ್ದ ಮೀನುಗಾರರೊಬ್ಬರು ಹಗ್ಗ ಎಸೆದು ನಮ್ಮನ್ನು ಎಳೆದು ತಂದರು. ಅವತ್ತಿನಿಂದ ಮನೆಯಲ್ಲಿ ಒಂದು ಕಟ್ಟಳೆ ಇದೆ: ಸ್ವಂತ ದೋಣಿಯಾದರೆ ಮೊದಲರ್ಧ ಗಾಳಿಗೆ, ನೀರಿಗೆ ಎದುರಾಗಿ ಹೋಗಬೇಕು. ಸುಸ್ತಾದ ಮೇಲೆ ಬರುವ ದಾರಿ ಸುಲಭದ್ದಾಗಿರಬೇಕು.

ಹಂತ 3: ನೋಡಬೇಕೋ, ನಡೆಸಬೇಕೋ?

ನವವೃಂದಾವನಕ್ಕೆ ಹೋಗಬೇಕು, ಬಂಡೆಗಳ ನಡುವೆ ಸಂಜೆಯ ಬೆಳಕು ನೋಡಬೇಕು, ಫೋಟೊ ಬೇಕು ಎನ್ನುವವರಿಗೆ ಅಂಬಿಗರೇ ಸರಿ. ಕೈಯಲ್ಲಿ ಹುಟ್ಟು ಇದ್ದವರಿಗೆ ಸುತ್ತ ನೋಡಲು ಬಿಡುವಿರುವುದಿಲ್ಲ. ಮೈ ದಣಿಯಬೇಕು, ಹೊಸದೊಂದು ಕೈಕೆಲಸ ಕಲಿಯಬೇಕು ಎನ್ನುವವರು ಮಾತ್ರ ಮುಂದೆ ಯೋಚಿಸಿ.

ಅದರಲ್ಲೂ ಪುಟ್ಟಿಯ ಬಗ್ಗೆ ಒಂದು ಮಾತು. 16ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗುಂದಿಯ ದಾರಿಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದವಂತೆ, ನೇರ ಹೋಗದೆ ಸುತ್ತುತ್ತಲೇ ಇರುತ್ತಿದ್ದವಂತೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ. ಸುತ್ತುವುದು ಮಾತ್ರ ಹಾಗೇ ಇದೆ. ದುಂಡು ದೋಣಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಒಂದು ಬದಿಗೆ ಹುಟ್ಟು ಹಾಕಿದರೆ ಇದ್ದಲ್ಲೇ ಬುಗುರಿ. ಅಂಬಿಗರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತ, ಮಣಿಕಟ್ಟು ಹೊರಳಿಸುತ್ತ ಸಾಗುತ್ತಾರೆ. ನೋಡಲು ಸಲೀಸು. ನಾನು ಹೊಳೆದಂಡೆಯ ಕೂಸಾದರೂ ಇಪ್ಪತ್ತು ಅಡಿ ನೇರ ಹೋಗಲು ನನಗೆ ಒಂದು ಬೇಸಿಗೆ ರಜೆ ಪೂರ್ತಿ ಬೇಕಾಯಿತು. ರಜೆಗೆ ಬಂದವರು ಪುಟ್ಟಿಯನ್ನು ಒಂಟಿಯಾಗಿ ಬಾಡಿಗೆಗೆ ಕೇಳಬೇಡಿ. ಅಂಬಿಗರನ್ನು ಕೂರಿಸಿಕೊಂಡು, ಕೆರೆಯ ಅಂಚಿನಲ್ಲಿ, "ಅಣ್ಣಾರ, ಸ್ವಲ್ಪ ಹುಟ್ಟು ನನ್ನ ಕೈಯಾಗ ಕೊಡ್ರಿ" ಎಂದು ಕೇಳಿ. ಬಹಳ ಜನ ಸಂತೋಷದಿಂದ ಕಲಿಸುತ್ತಾರೆ.

ಹಂತ 4: ಅಂಬಿಗರನ್ನು ಆರಿಸಿಕೊಳ್ಳುವುದು

ಚಾಲಕರಿದ್ದಾರೆ ಎಂದರೆ ಸುರಕ್ಷಿತ ಎಂದು ನಂಬುವುದು ದೊಡ್ಡ ತಪ್ಪು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ಮಗುಚಿದ ದೋಣಿ, 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ 22 ಜನರನ್ನು ಬಲಿ ತೆಗೆದುಕೊಂಡ ದೋಣಿ, 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳನ್ನು ಹೊತ್ತಿದ್ದ ದೋಣಿ, ಎಲ್ಲದಕ್ಕೂ ನಡೆಸುವವರಿದ್ದರು. ತಾನೂರು, ಹರಣಿ ಎರಡರಲ್ಲೂ ಮಿತಿ ಮೀರಿ ಜನರನ್ನು ತುಂಬಿದ್ದರು. ಹರಣಿಯದಂತೂ ನಿಂತ ನೀರು. ಇವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ದಡದಲ್ಲಿ ನಿಂತ ಒಬ್ಬರು ತಲೆ ಎಣಿಸಿ "ಸಾಕು" ಎಂದಿದ್ದರೂ ಎಷ್ಟೋ ಮಕ್ಕಳು ಉಳಿಯುತ್ತಿದ್ದರು.

ಹಾಗಾಗಿ ಎಣಿಕೆಯಿಂದ ಶುರು ಮಾಡಿ. ದೋಣಿಯ ಮಿತಿ ಎಷ್ಟು ಎಂದು ಕೇಳಿ. ಮಕ್ಕಳು, ಅಂಬಿಗರು ಎಲ್ಲರೂ ಎಣಿಕೆಗೆ ಸೇರಬೇಕು. ಎಂಜಿನ್ ದೋಣಿಯಾದರೆ ನೋಂದಣಿ ಸಂಖ್ಯೆ ಮೈಮೇಲೆ ಬರೆದಿರಬೇಕು. ಒಳನಾಡು ಹಡಗುಗಳ ಹಳೆಯ ಕಾನೂನು 1917ರದ್ದು, ಅದರ ಜಾಗಕ್ಕೆ 2021ರಲ್ಲಿ ಬಂದ ಕಾಯ್ದೆ ಯಂತ್ರದಿಂದ ಓಡುವ ದೋಣಿಗಳಿಗೆ ನೋಂದಣಿ, ತಪಾಸಣೆ, ವಿಮೆ ಬೇಕೆನ್ನುತ್ತದೆ. ಕಾಗದ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಆಮೇಲೆ ಲೈಫ್ ಜಾಕೆಟ್. ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತೊಡಬೇಡಿ. ಬಕಲ್ ಎಲ್ಲ ಕೂಡುತ್ತವೆಯೇ, ಪಟ್ಟಿ ಹರಿದಿದೆಯೇ, ಒಳಗಿನ ಫೋಮ್ ಪುಡಿಯಾಗಿದೆಯೇ ನೋಡಿ. ತೊಟ್ಟು ಬಿಗಿದ ಮೇಲೆ ಕೈ ಮೇಲೆತ್ತಿ ನಿಲ್ಲಿ, ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ ನೀರಿನಲ್ಲಿ ಅದು ತಲೆಯಿಂದ ಕಳಚಿ ಹೋಗುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲ ಸಂದಿಯಲ್ಲಿ ಹಾದು ಬರುವ ಪಟ್ಟಿ ಇರುವುದಾದರೆ ಇನ್ನೂ ಒಳ್ಳೆಯದು. ಮಗುವಿನ ಅಳತೆಯದು ಇಲ್ಲ ಎಂದರೆ ಮಗು ದಡದಲ್ಲೇ ಇರಲಿ, ಜೊತೆಗೆ ದೊಡ್ಡವರೊಬ್ಬರು.

ಮಾತಿನಿಂದಲೂ ಗುರುತು ಹತ್ತುತ್ತದೆ. "ಇವತ್ತ ಹೊಳಿ ಹೆಂಗೈತ್ರಿ?" ಎಂದು ಕೇಳಿ. "ಏನೂ ಆಗಂಗಿಲ್ಲ ಬರ್ರಿ" ಎನ್ನುವವರಿಗಿಂತ, "ಆ ಮಗ್ಗಲ ಸುಳಿ ಐತಿ, ಈ ಕಡಿಂದ ಹೋಗೂಣು" ಎನ್ನುವವರು ಮೇಲು. ಒಳ್ಳೆಯ ಅಂಬಿಗರು ಯಾರು ಎಲ್ಲಿ ಕೂರಬೇಕು ಎಂದು ತಾವೇ ಹೇಳುತ್ತಾರೆ, ಭಾರ ಸುತ್ತಲೂ ಸಮ ಹಂಚುತ್ತಾರೆ, ಇನ್ನೊಬ್ಬರನ್ನು ಹತ್ತಿಸಿಕೊಳ್ಳಿ ಎಂದು ನೀವೇ ಅಂಗಲಾಚಿದರೂ ಒಪ್ಪುವುದಿಲ್ಲ. ಬಾಯಿಂದ ಹೆಂಡದ ವಾಸನೆ ಬಂದರೆ ಅಡ್ವಾನ್ಸ್ ಹೋದರೂ ಹೋಗಲಿ, ಹತ್ತಬೇಡಿ.

ಪುಟ್ಟಿಗೆ ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ನಡುವಿಗೆ ಕಾಲಿಡಿ, ಒಬ್ಬೊಬ್ಬರಾಗಿ. ಸಾಣಾಪುರದಲ್ಲಿ ಪುಟ್ಟಿಯನ್ನು ಗರಗರ ತಿರುಗಿಸುವ ಆಟ ಹುಡುಗರಿಗೆ ಬಹಳ ಇಷ್ಟ. ಹಿರಿಯರಿದ್ದರೆ ಹೊರಡುವ ಮೊದಲೇ "ತಿರುಗಸಬ್ಯಾಡ್ರಿ" ಎಂದು ಹೇಳಿ, ಒಪ್ಪುತ್ತಾರೆ. ಸೆಲ್ಫಿಗೆಂದು ಎದ್ದು ನಿಲ್ಲುವುದು, ಎಲ್ಲರೂ ಒಂದೇ ಬದಿಗೆ ವಾಲುವುದು ಯಾವ ದೋಣಿಯಲ್ಲೂ ಕೂಡದು.

ಹಂತ 5: ಹುಟ್ಟು ನಮ್ಮ ಕೈಗೇ ಬೇಕೆಂದರೆ

ನಮ್ಮ ದೇಶದಲ್ಲಿ ಪ್ರವಾಸಿಯ ಕೈಗೆ ಸಿಗುವುದು ಬಹುಪಾಲು ಪೆಡಲ್ ಬೋಟ್ ಮತ್ತು ಕಯಾಕ್. ಎಂಜಿನ್ ದೋಣಿಗೆ ಚಾಲಕರು ಜೊತೆಗೇ ಬರುತ್ತಾರೆ. ಪೆಡಲ್ ಬೋಟ್ ಗಾಳಿ ಹಿಡಿದರೆ ಹೇಳಿದ ಮಾತು ಕೇಳುವುದಿಲ್ಲ ಎಂಬುದೊಂದನ್ನು ನೆನಪಿಡಿ, ಬೇರೆ ಹೇಳುವಂಥದ್ದಿಲ್ಲ. ಕಯಾಕಿಗೆ ಮಾತ್ರ ತಯಾರಿ ಬೇಕು.

ಮೊದಲ ಹದಿನೈದು ನಿಮಿಷ ಸೊಂಟಮಟ್ಟದ ನೀರಿನಲ್ಲಿ ಕಳೆಯಿರಿ. ನೇರ ಹೋಗುವುದು, ನಿಲ್ಲಿಸುವುದು, ಹಿಂದಕ್ಕೆ ಬರುವುದು, ಎರಡೂ ಬದಿಗೆ ತಿರುಗಿಸುವುದು. ಆಮೇಲೆ ಬೇಕೆಂದೇ ಒಮ್ಮೆ ಮಗುಚಿ. ಮಗುಚಿದ ಕಯಾಕಿಗೆ ನೀರಿನಿಂದಲೇ ಮತ್ತೆ ಹತ್ತಲು ಬರದವರು ಕಾಲು ನಿಲುಕದ ನೀರಿಗೆ ಹೋಗಬಾರದು. ಕಲಿಸುವವರು ಇದನ್ನು ಬಿಟ್ಟುಬಿಟ್ಟರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತು ಕೇಳಿ: ಆ ಬಂಡೆ, ಈ ಮರ. "ಸ್ವಲ್ಪ ದೂರ" ಎಂಬುದು ಅಳತೆಯಲ್ಲ. ಎಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಿಕೊಂಡು ಬರುತ್ತಾರೆ, ಯಾವ ದೋಣಿಯಲ್ಲಿ ಬರುತ್ತಾರೆ ಎಂದೂ ಕೇಳಿ. ಉತ್ತರ ಬರದಿದ್ದರೆ ಅಲ್ಲಿ ಬಾಡಿಗೆಗೆ ಪಡೆಯಬೇಡಿ. ಫೋನ್ ನೀರು ಹೋಗದ ಚೀಲದಲ್ಲಿ ಮೈಗೆ ಕಟ್ಟಿಕೊಂಡಿರಲಿ, ಸೀಟಿ ಜಾಕೆಟ್ಟಿಗೆ ಕಟ್ಟಿರಲಿ. ಕುಡಿಯುವ ನೀರು, ಟೋಪಿ ಮರೆಯಬೇಡಿ. ನಮ್ಮ ಬಿಸಿಲು ನೀರಿನ ಮೇಲೆ ಎರಡು ಕಡೆಯಿಂದ ಸುಡುತ್ತದೆ.

ತಪ್ಪಿ ಹರಿವ ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿಕೊಂಡರೆ ನೀರು ಬೆನ್ನು ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದ ನೀರು ಹೋಗುವ ದಿಕ್ಕಿಗಿರಲಿ, ಓರೆಯಾಗಿ ಕೈ ಬೀಸುತ್ತ ದಡ ಸೇರಿ.

ಹಂತ 6: ದುಡ್ಡಿನ ಮಾತು

ಅಂಬಿಗರ ದೋಣಿಯಾದರೆ ತಲೆಗೆ ಎಷ್ಟೋ, ದೋಣಿಗೆ ಎಷ್ಟೋ, ಎಷ್ಟು ಹೊತ್ತು, ನಡುಗಡ್ಡೆಯಲ್ಲಿ ಕಾಯುವುದಕ್ಕೆ ಬೇರೆಯೋ, ವಾಪಸ್ ಕರೆತರುವುದೂ ಸೇರಿದೆಯೋ, ಇಷ್ಟನ್ನೂ ಹತ್ತುವ ಮೊದಲೇ ಮುಗಿಸಿ. ನಡುನೀರಿನಲ್ಲಿ ಚೌಕಾಸಿ ಯಾರಿಗೂ ಒಳ್ಳೆಯದಲ್ಲ. ಸ್ವಂತ ನಡೆಸುವ ದೋಣಿಗೆ ಡಿಪಾಸಿಟ್ ಇರುತ್ತದೆ. ಪಡೆಯುವಾಗಲೇ ಇರುವ ಬಿರುಕು, ಗೀರುಗಳ ಫೋಟೊ ಅವರ ಎದುರಿಗೇ ತೆಗೆಯಿರಿ.

ಊರು ದಾಟಿ ಹೋಗುವವರಿಗೆ

ಆಲಪ್ಪುಳದ ಹೌಸ್‌ಬೋಟ್ ಯಾವಾಗಲೂ ನಡೆಸುವವರು, ಅಡುಗೆಯವರ ಸಮೇತ ಬರುತ್ತದೆ, ಅಲ್ಲಿ ಆಯ್ಕೆಯ ಪ್ರಶ್ನೆಯಿಲ್ಲ. ಒಂದು ಸಂಗತಿ ಮೊದಲೇ ತಿಳಿದಿರಲಿ: ಸಂಜೆ ಐದೂವರೆ ಸುಮಾರಿಗೆ ದೋಣಿ ಕಟ್ಟಿಹಾಕುತ್ತಾರೆ, ಆಮೇಲೆ ಆ ನೀರು ಬಲೆ ಬೀಸುವವರದ್ದು. ರಾತ್ರಿಯಿಡೀ ತೇಲುತ್ತೇವೆ ಎಂದುಕೊಂಡು ಹೋದ ನಮ್ಮ ಕಡೆಯವರು ಬೇಸರಪಟ್ಟದ್ದನ್ನು ಕೇಳಿದ್ದೇನೆ. ಸಣ್ಣ ಕಾಲುವೆಗಳೊಳಗೆ ಹೌಸ್‌ಬೋಟ್ ಹೋಗಲಾರದು, ಅದಕ್ಕೆ ಊರಿನವರ ಚಿಕ್ಕ ದೋಣಿಯೇ ಬೇಕು. ನನ್ನನ್ನು ಕೇಳಿದರೆ ಆ ಎರಡು ತಾಸೇ ಹೆಚ್ಚು ಚೆಂದ.

ಮಕ್ಕಳು ವಿದೇಶದಲ್ಲಿರುವ ತಂದೆತಾಯಿಗಳು ಈಗ ಇಂಗ್ಲೆಂಡಿನ ಕಾಲುವೆ ದೋಣಿಗಳ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ನ್ಯಾರೋಬೋಟ್ ಎಂಬ ಸಪೂರ ಮನೆದೋಣಿಯನ್ನು ಬಾಡಿಗೆದಾರರೇ ನಡೆಸುತ್ತಾರೆ, ಲೈಸೆನ್ಸ್ ಬೇಕಿಲ್ಲ, ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ನಡಿಗೆಗಿಂತ ತುಸು ಹೆಚ್ಚು. ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಇದು ಕೈಗೆ ಹತ್ತಲು ಅರ್ಧ ದಿನ ಬೇಕು. ಎಚ್ಚರ ಬೇಕಾದದ್ದು ಲಾಕ್‌ಗಳಲ್ಲಿ. ನೀರು ಇಳಿಸಿ ದೋಣಿಯನ್ನು ಕೆಳಮಟ್ಟಕ್ಕೆ ತರುವ ಆ ತೊಟ್ಟಿಯ ಹಿಂಬಾಗಿಲ ಬುಡದಲ್ಲಿ ಕಟ್ಟೆಯೊಂದು ಚಾಚಿಕೊಂಡಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ನೀರು ಇಳಿದಂತೆ ದೋಣಿ ಮೂತಿ ಕೆಳಗಾಗಿ ಮುಳುಗುತ್ತದೆ. ಗೋಡೆಯ ಮೇಲಿನ ಗುರುತಿಗಿಂತ ಮುಂದೆಯೇ ನಿಲ್ಲಿಸಬೇಕು. ಫ್ರಾನ್ಸಿನ ಕನಾಲ್ ದು ಮಿದಿಯಲ್ಲಿ, 17ನೇ ಶತಮಾನದಲ್ಲಿ ತೋಡಿದ ಸುಮಾರು 240 ಕಿಲೋಮೀಟರ್ ಕಾಲುವೆಯದು, ಬಾಡಿಗೆ ಕೊಡುವವರೇ ಪಾಠ ಹೇಳಿ ದೋಣಿ ಕೊಡುತ್ತಾರೆ.

ಸಮುದ್ರ ಬೇರೆ ಮಾತು. ಗ್ರೀಸ್, ಕ್ರೊಯೇಷಿಯಾಗಳಲ್ಲಿ ಹಾಯಿದೋಣಿಯನ್ನು ಚಾಲಕರಿಲ್ಲದೆ ಪಡೆಯಲು ಪ್ರಮಾಣಪತ್ರ ಬೇಕೇ ಬೇಕು. ಇಲ್ಲದವರು ಚಾಲಕರನ್ನು ಕರೆದುಕೊಳ್ಳಬೇಕು. ಆಗ ಅವರ ದಿನಗೂಲಿಯ ಜೊತೆ ಅವರ ಊಟ, ಮಲಗುವ ಜಾಗವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆರು ಜನರ ದೋಣಿ ಎಂದರೆ ನಿಮಗೆ ಐದೇ ಜಾಗ.

ಹೊರಡುವ ದಿನ

ಎಲ್ಲ ನೋಡಿ, ಕೇಳಿ, ದುಡ್ಡು ಕೊಟ್ಟು ಘಟ್ಟಕ್ಕೆ ಬಂದು ನಿಂತಾಗಲೂ ಅಂಬಿಗರು ನೀರಿನ ಕಡೆ ನೋಡಿ "ಇವತ್ತ ಬ್ಯಾಡ್ರಿ, ನೀರ ಬಿಟ್ಟಾರ" ಎನ್ನಬಹುದು. ಅವರ ಆ ದಿನದ ಕೂಲಿಯೂ ಅದೇ ಮಾತಿನಲ್ಲಿ ಹೋಗುತ್ತದೆ. ಇನ್ನೊಬ್ಬರನ್ನು ಹುಡುಕಿಕೊಂಡು ದಡದುದ್ದಕ್ಕೂ ಅಲೆಯಬೇಡಿ. ಮಕ್ಕಳನ್ನು ಕರೆದುಕೊಂಡು ಪಂಪಾಸರೋವರ ನೋಡಿ, ಬಿಸಿಲು ಇಳಿದ ಮೇಲೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ. ಮೇಲಿಂದ ಹೊಳೆ ಪೂರ್ತಿ ಕಾಣುತ್ತದೆ: ಕೆಂಪು ನೀರು ಬಂಡೆಗಳನ್ನು ಸೀಳಿಕೊಂಡು ಎಷ್ಟು ದಾರಿ ಮಾಡಿಕೊಂಡಿದೆ, ಯಾವ ಬಂಡೆಯ ಹಿಂದೆ ನೊರೆ ಸುತ್ತುತ್ತಿದೆ, ನೀವು ಬೆಳಿಗ್ಗೆ ನಿಂತಿದ್ದ ಘಟ್ಟದ ಎಷ್ಟು ಮೆಟ್ಟಿಲು ಈಗ ನೀರಿನೊಳಗಿವೆ.